ಜೂಮ್ ಮೀಟಿಂಗ್‌ನಲ್ಲಿ ನಿಮ್ಮ 'ಹೂಂ' ಎಲ್ಲಿ ಹೋಗುತ್ತದೆ?

ಎದುರಿನವರು ಮಾತಾಡುವಾಗ ಹೂಂಗುಟ್ಟುವುದು ನಮ್ಮಲ್ಲಿ ಮರ್ಯಾದೆ. ಜೂಮ್‌ನಲ್ಲಿ ಮೊದಲು ಕಳೆದುಹೋಗುವುದೇ ಅದು. ಮ್ಯೂಟ್‌ನಲ್ಲಿದ್ದರೆ ಯಾರಿಗೂ ಕೇಳಿಸದು. ಮ್ಯೂಟ್ ತೆಗೆದಿದ್ದರೆ, ಸ್ಪೀಕರ್ ವ್ಯೂ (ಮಾತಾಡುವವರನ್ನೇ ದೊಡ್ಡದಾಗಿ ತೋರಿಸುವ ನೋಟ) ಸದ್ದು ಬಂದ ಕಡೆಗೇ ಹಾರುವುದರಿಂದ, ಮಾತಾಡುತ್ತಿರುವವರ ಜಾಗದಲ್ಲಿ ನಿಮ್ಮ ಮುಖ ಬಂದು ಕೂರುತ್ತದೆ. ತಲೆಯಾಡಿಸೋಣವೆಂದರೆ ಇಪ್ಪತ್ತೈದು ಜನರ ಗ್ಯಾಲರಿಯಲ್ಲಿ ನಿಮ್ಮ ಚೌಕ ಅಂಚೆಚೀಟಿಯಷ್ಟು. ಅದರಲ್ಲೂ ಅಕ್ಕಪಕ್ಕ ತೂಗುವ ನಮ್ಮ 'ಆಯ್ತು' ಹೊರದೇಶದ ಕ್ಲೈಂಟ್‌ಗೆ 'ಇಲ್ಲ' ಎಂದೇ ಕಂಡೀತು. ಒಪ್ಪಿಗೆಯನ್ನು ಬಾಯಿಬಿಟ್ಟೇ ಹೇಳಿ.

ಇಲ್ಲವೇ ಗುಂಡಿ ಒತ್ತಿ. ಚಪ್ಪಾಳೆ, ಹೆಬ್ಬೆರಳು 10 ಸೆಕೆಂಡಿಗೆ ಮಾಯವಾಗುತ್ತವೆ. ಎತ್ತಿದ ಕೈ (ವಿಂಡೋಸ್‌ನಲ್ಲಿ ಆಲ್ಟ್ ಮತ್ತು ವೈ) ಇಳಿಸುವವರೆಗೂ ನಿಲ್ಲುತ್ತದೆ. ಯಾರು ಮೊದಲು ಎತ್ತಿದರೆಂಬ ಸರದಿಯೂ ಮೀಟಿಂಗ್ ನಡೆಸುವ ಹೋಸ್ಟ್‌ಗೆ ಕಾಣುತ್ತದೆ. ಜೋರು ದನಿಯವರೇ ಮಾತು ಕಸಿದುಕೊಳ್ಳುವ ಕಾನ್ಫರೆನ್ಸ್ ಟೇಬಲ್‌ಗಿಂತ ಈ ವಿಷಯದಲ್ಲಿ ಜೂಮ್ ಖಂಡಿತ ಮೇಲು. 'ಸ್ವಲ್ಪ ನಿಧಾನ' ಎನ್ನುವ ಗುರುತೂ ಇದೆ, ಆದರೆ ಸೆಟ್ಟಿಂಗ್ಸ್‌ನಲ್ಲಿ ನಾನ್‌ವರ್ಬಲ್ ಫೀಡ್‌ಬ್ಯಾಕ್ ಆನ್ ಆಗಿದ್ದರೆ ಮಾತ್ರ.

ನಿಜವಾದ ತೊಡಕು ಕಣ್ಣಿನದು. ಕ್ಯಾಮೆರಾ ಪರದೆಯ ನೆತ್ತಿಯಲ್ಲಿದೆ. ನೀವು ಪರದೆಯ ಮೇಲಿನ ಮುಖ ನೋಡಿದರೆ ಅವರಿಗೆ ನಿಮ್ಮ ರೆಪ್ಪೆ ಕಾಣುತ್ತದೆ, ನೋಟ ತಪ್ಪಿಸಿದಂತೆ. ಲ್ಯಾಪ್‌ಟಾಪ್ ಕೆಳಗೆ ನಾಲ್ಕು ದಪ್ಪ ಪುಸ್ತಕವಿಟ್ಟು ಕ್ಯಾಮೆರಾವನ್ನು ಕಣ್ಣಿನ ಮಟ್ಟಕ್ಕೆ ತನ್ನಿ. ಜೂಮ್ ಕಿಟಕಿಯನ್ನು ಕುಗ್ಗಿಸಿ ಕ್ಯಾಮೆರಾದ ಕೆಳಕ್ಕೇ ಎಳೆದಿಡಿ. ಕೈಸನ್ನೆ ಚೌಕದೊಳಗೆ ಬರುವಷ್ಟು ಹಿಂದೆ ಸರಿದು ಕೂರಿ. ಬೆನ್ನ ಹಿಂದೆ ಕಿಟಕಿ ಬೇಡ, ಮುಖ ಕಪ್ಪಾಗಿ ಭಾವವೇ ಅಳಿಸಿಹೋಗುತ್ತದೆ. ಮುಖ್ಯ ವಾಕ್ಯ ಹೇಳುವಾಗ ಲೆನ್ಸ್ ನೋಡಿ, ಕೇಳುವಾಗ ಮುಖ ನೋಡಿ.

ಒಂದು ದೂರಿದೆ: ನಮ್ಮ ಮುಖವನ್ನೇ ನಮಗೆ ತೋರಿಸುತ್ತಾ ಕೂರುವುದು ಇಲ್ಲಿ ಡೀಫಾಲ್ಟ್. ಇಡೀ ದಿನ ಕನ್ನಡಿ ಎದುರು ಕೂತು ಕೆಲಸ ಮಾಡಿದಂತಿದು. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಸಂಶೋಧಕ ಜೆರೆಮಿ ಬೇಲೆನ್ಸನ್ 2021ರಲ್ಲಿ ವಿಡಿಯೊ ಮೀಟಿಂಗ್ ದಣಿವಿಗೆ ಕೊಟ್ಟ ನಾಲ್ಕು ಕಾರಣಗಳಲ್ಲಿ ಇದೂ ಒಂದು. ಚೌಕ ಸರಿಯಿದೆಯೇ ಎಂದು ಒಮ್ಮೆ ನೋಡಿ, ನಿಮ್ಮ ಚಿತ್ರದ ಮೇಲೆ ರೈಟ್ ಕ್ಲಿಕ್ ಮಾಡಿ 'ಹೈಡ್ ಸೆಲ್ಫ್ ವ್ಯೂ' ಒತ್ತಿ. ಉಳಿದವರಿಗೆ ನೀವು ಕಾಣುತ್ತಲೇ ಇರುತ್ತೀರಿ.

ದಿನದ ಸ್ಟ್ಯಾಂಡ್‌ಅಪ್‌ಗೆ (ತಂಡದ ಚುಟುಕು ಮೀಟಿಂಗ್‌ಗೆ), ವರದಿ ಒಪ್ಪಿಸಲು ಇಷ್ಟು ಧಾರಾಳ. ಸಂಬಳದ ಮಾತು, ಕೆಲಸದ ತಪ್ಪು ತೋರಿಸುವ ಮಾತು ಮಾತ್ರ ಇಲ್ಲಿ ಬೇಡ. ನೆಟ್ ಅರೆಕ್ಷಣ ತಡವರಿಸಿದರೂ ಆ ಮೌನ ಅಸಮಾಧಾನದಂತೆ ಕೇಳಿಸುತ್ತದೆ, ಅದನ್ನು ತಿಳಿಗೊಳಿಸುವ ಗುಂಡಿ ಜೂಮ್‌ನಲ್ಲಿಲ್ಲ.