ಜಾಕೆಟ್ಟೋ ಗ್ಲೌಸೋ: ಭಾಗಮಂಡಲ–ಮಡಿಕೇರಿ ರಸ್ತೆಯಲ್ಲಿ ಎರಡು ಚಳಿಗಾಲ

ಜನವರಿಯ ಬೆಳಿಗ್ಗೆ ಆರೂವರೆಗೆ ಭಾಗಮಂಡಲದಿಂದ ಬೈಕ್ ತೆಗೆದರೆ ಮಡಿಕೇರಿಗೆ ಸುಮಾರು 40 ಕಿಲೋಮೀಟರ್. ಚೇರಂಬಾಣೆ ಬರುವಷ್ಟರಲ್ಲಿ ಬೆರಳ ತುದಿ ಸೆಟೆಯುತ್ತದೆ. ಬೆಟ್ಟಗೇರಿ ಹತ್ತಿರ ಬಂದಾಗ ಕ್ಲಚ್ ಹಿಡಿದದ್ದೂ ಬಿಟ್ಟದ್ದೂ ಸರಿಯಾಗಿ ಗೊತ್ತಾಗುವುದಿಲ್ಲ. ಅಪ್ಪಂಗಳದ ತಿರುವುಗಳಲ್ಲಿ ಮಂಜು ತುಂಬಿಕೊಂಡಿರುತ್ತದೆ. ಕಾಫಿ ಕುಯ್ಯಲು ಆಳುಗಳನ್ನು ಕರೆತರುವ ಜೀಪು ಎದುರಿಗೆ ಬಂದರೆ, ಅದು ಕಾಣುವುದೇ ಹತ್ತಿರ ಬಂದ ಮೇಲೆ. ಆ ಹೊತ್ತಿನಲ್ಲಿ ಬ್ರೇಕ್ ಹಿಡಿಯಬೇಕಾದ ಬೆರಳು ಮರಗಟ್ಟಿದ್ದರೆ ಏನು ಗತಿ? ನಾನು ಕರೆಂಟಿನಿಂದ ಬಿಸಿಯಾಗುವ ಬಟ್ಟೆ ಹುಡುಕಲು ಹೊರಟದ್ದು ಸುಖಕ್ಕಲ್ಲ, ಈ ಭಯಕ್ಕೆ.

ನಮ್ಮ ಚಳಿ ಲಡಾಖಿನ ಚಳಿ ಅಲ್ಲ, ನಿಜ. ಆದರೆ 10 ಡಿಗ್ರಿ ಇರುವಾಗ 60 ಕಿಲೋಮೀಟರ್ ವೇಗದಲ್ಲಿ ಹೋದರೆ ಬರಿ ಚರ್ಮಕ್ಕೆ ಅದು 5 ಡಿಗ್ರಿಯಷ್ಟು ಕೊರೆಯುತ್ತದೆ. ಜೊತೆಗೆ ಮಂಜಿನ ಹನಿ. ಗ್ಲೌಸ್ ಒದ್ದೆಯಾಯಿತೆಂದರೆ ಅದು ಒಣಗುತ್ತಾ ಕೈಯ ಬಿಸಿಯನ್ನೇ ಎಳೆದುಕೊಳ್ಳುತ್ತದೆ. ಮತ್ತೆ ಹತ್ತು ಗಂಟೆಗೆಲ್ಲ ಬಿಸಿಲು ಚುರುಕಾಗುತ್ತದೆ. ಅಂದರೆ ನಮಗೆ ಬೇಕಾದ್ದು ಒಂದೆರಡು ಗಂಟೆಯ ಬಿಸಿ, ಆಮೇಲೆ ಸುಲಭವಾಗಿ ಕಳಚಿ ಇಡಲು ಬರುವ ಬಟ್ಟೆ. ಬೇರೆ ಊರಿನವರ ಸಲಹೆ ಇಲ್ಲಿಗೆ ಅಷ್ಟಾಗಿ ಹೊಂದುವುದಿಲ್ಲ.

ಎರಡು ಚಳಿಗಾಲದಲ್ಲಿ ನಾಲ್ಕು ಬಗೆ ನೋಡಿದೆ. ಎಲ್ಲವೂ ಇದೇ ರಸ್ತೆ, ಇದೇ ಹೊತ್ತು. ನನ್ನದು 350 ಸಿಸಿ ಬೈಕ್. ನನ್ನ ಹೆಂಡತಿಯದು 110 ಸಿಸಿ ಸ್ಕೂಟರ್. ಅವಳಿಗೂ ಮಡಿಕೇರಿಯಲ್ಲೇ ಕೆಲಸ, ನನಗಿಂತ ಮೊದಲೇ ಹೊರಡಬೇಕು. ಹಾಗಾಗಿ ಅವಳ ಮಾತೂ ಇದರಲ್ಲಿ ಸೇರಿದೆ.

ಮೊದಲು ತಂದದ್ದು ಪವರ್ ಬ್ಯಾಂಕ್‌ಗೆ ಸಿಕ್ಕಿಸುವ ಯುಎಸ್‌ಬಿ ವೆಸ್ಟ್. ಅಗ್ಗ, ಹಗುರ, ಬೈಕಿಗೆ ವೈರ್ ಎಳೆಯುವ ಕೆಲಸ ಇಲ್ಲ. ಆದರೆ 5 ವೋಲ್ಟ್, 2 ಆಂಪಿಯರ್ ಅಂದರೆ ಬರೀ 10 ವ್ಯಾಟ್. ಬೆನ್ನಿನಲ್ಲಿ ಒಂದು ಅಂಗೈ ಇಟ್ಟ ಹಾಗೆ ಬೆಚ್ಚಗಾಗುತ್ತದೆ, ಅಷ್ಟೆ. ಬೈಕ್ ಓಡುವಾಗಿನ ಗಾಳಿಗೆ ಅದು ಸಾಲದು. ಮನೆಯಲ್ಲಿ ಅಮ್ಮ ಈಗ ಅದನ್ನು ಬೆಳಿಗ್ಗೆ ಕೊಟ್ಟಿಗೆಗೆ ಹೋಗುವಾಗ ಹಾಕಿಕೊಳ್ಳುತ್ತಾರೆ, ಅವರಿಗೆ ತುಂಬಾ ಇಷ್ಟವಾಗಿದೆ. ನಿಂತು ಮಾಡುವ ಕೆಲಸಕ್ಕೆ ಅದು ಸರಿ.

ಎರಡನೆಯದು ಬಿಸಿ ಹಿಡಿಕೆ, ಹೀಟೆಡ್ ಗ್ರಿಪ್. ಇದು ಬಟ್ಟೆಯಲ್ಲ, ಆದರೂ ಗ್ಲೌಸ್ ಜೊತೆ ಹೋಲಿಸಲೇಬೇಕು. ಒಮ್ಮೆ ಹಾಕಿಸಿದರೆ ಮುಗಿಯಿತು, ಚಾರ್ಜ್ ಮಾಡುವ ನೆನಪು ಇಟ್ಟುಕೊಳ್ಳಬೇಕಿಲ್ಲ. ತೊಂದರೆ ಏನೆಂದರೆ ಬಿಸಿ ಬರುವುದು ಅಂಗೈಗೆ, ಗಾಳಿ ಹೊಡೆಯುವುದು ಬೆರಳ ಹೊರಮೈಗೆ. ಮೊದಲ ವಾರ ಅಂಗೈ ಬೆವರಿತು, ಬೆರಳ ಗೆಣ್ಣು ಮಾತ್ರ ಹಾಗೇ ಕೊರೆಯುತ್ತಿತ್ತು. ಬೆರಳ ಮುಂದೆ ಗಾಳಿ ತಡೆಯುವ ಹ್ಯಾಂಡ್ ಗಾರ್ಡ್ ಹಾಕಿಸಿದ ಮೇಲೆ ಅದೇ ಹಿಡಿಕೆ ಬೇರೆಯೇ ವಸ್ತು ಅನ್ನಿಸಿತು. ಇನ್ನೊಂದು ವಿಷಯ: ಎಡಗೈ ಹಿಡಿಕೆ ಕೂರುವುದು ಕಬ್ಬಿಣದ ಹ್ಯಾಂಡಲ್ ಮೇಲೆ, ಬಿಸಿಯನ್ನು ಆ ಕಬ್ಬಿಣ ಎಳೆದುಕೊಳ್ಳುತ್ತದೆ. ಬಲಗೈಯದು ಥ್ರಾಟಲ್‌ನ, ಅಂದರೆ ಆಕ್ಸಿಲರೇಟರಿನ, ಪ್ಲಾಸ್ಟಿಕ್ ಕೊಳವೆಯ ಮೇಲೆ. ಅದಕ್ಕೇ ನನ್ನ ಎಡಗೈ ಯಾವಾಗಲೂ ಸ್ವಲ್ಪ ತಣ್ಣಗೆ. ಬಲಗಡೆ ವೈರ್ ಥ್ರಾಟಲ್ ಜೊತೆ ತಿರುಗುತ್ತಿರುತ್ತದೆ. ಅಲ್ಲಿ ವೈರ್ ಸಡಿಲ ಬಿಟ್ಟಿದ್ದಾರಾ ಅಂತ ಗ್ಯಾರೇಜ್ ಬಿಡುವ ಮೊದಲೇ ಹ್ಯಾಂಡಲ್ ಎರಡೂ ಕಡೆ ಪೂರ್ತಿ ತಿರುಗಿಸಿ ನೋಡಿ. ಎಳೆದುಕೊಂಡು ಥ್ರಾಟಲ್ ಹಿಂದಕ್ಕೆ ಬರದೆ ನಿಂತರೆ ತುಂಬಾ ಅಪಾಯ.

ಈಗ ಗ್ಲೌಸ್. ಬ್ಯಾಟರಿ ಗ್ಲೌಸ್‌ಗಳಲ್ಲಿ ಹೆಚ್ಚಿನವು 7.4 ವೋಲ್ಟ್‌ನವು, ಅಂದರೆ 3.7 ವೋಲ್ಟ್‌ನ ಎರಡು ಲಿಥಿಯಂ ಸೆಲ್ ಜೋಡಿಸಿದ ಬ್ಯಾಟರಿ, ಪ್ರತಿ ಕೈಗೆ ಒಂದು. ನಮ್ಮದರಲ್ಲಿ 2200 ಎಂಎಎಚ್ ಅಂತ ಬರೆದಿದೆ, ಅಂದರೆ 2.2 ಆಂಪಿಯರ್-ಅವರ್. ಅದನ್ನು 7.4 ವೋಲ್ಟ್‌ನಿಂದ ಗುಣಿಸಿದರೆ ಒಂದು ಕೈಗೆ ಸುಮಾರು 16 ವ್ಯಾಟ್-ಅವರ್. ಪೂರ್ತಿ ಬಿಸಿಯಲ್ಲಿ 8 ವ್ಯಾಟ್ ತಿನ್ನುತ್ತದೆ ಅಂದುಕೊಂಡರೂ ಎರಡು ಗಂಟೆ. ಡಬ್ಬದ ಮೇಲೆ 'ಆರು ಗಂಟೆ' ಅಂತ ಇದ್ದರೆ ಅದು ಸಣ್ಣ ಬಿಸಿಯ ಲೆಕ್ಕ, ದೊಡ್ಡ ಬಿಸಿಯದಲ್ಲ. ಕೊಳ್ಳುವ ಮೊದಲು ಈ ಗುಣಾಕಾರ ಮಾಡಿಕೊಳ್ಳಿ.

ಹೊರಮೈಗೂ ಬೆರಳ ತುದಿಗೂ ಬಿಸಿ ತಲುಪುತ್ತದೆ, ಇದು ಹಿಡಿಕೆಗಿಂತ ಗ್ಲೌಸ್ ಗೆಲ್ಲುವ ಜಾಗ. ಬೈಕಿನ ಬ್ಯಾಟರಿ ಮುಟ್ಟಬೇಕಾಗಿಯೇ ಇಲ್ಲ, ಯಾವ ಗಾಡಿಗೂ ನಡೆಯುತ್ತದೆ. ಸೋಲುವುದು ದಪ್ಪದಲ್ಲಿ. ಮಣಿಕಟ್ಟಿನಲ್ಲಿ ಬ್ಯಾಟರಿ ಗಡ್ಡೆಯ ಹಾಗೆ ಕೂರುತ್ತದೆ, ಜಾಕೆಟ್ ತೋಳು ಅದರ ಮೇಲೆ ಇಳಿಯುವುದಿಲ್ಲ, ಆ ಸಂದಿಯಲ್ಲಿ ಗಾಳಿ ನುಗ್ಗುತ್ತದೆ. ಬೆರಳು ದಪ್ಪವಾದ ಕಾರಣ ಇಂಡಿಕೇಟರ್ ಸ್ವಿಚ್ ಹುಡುಕಲು ತಡಕಾಡಬೇಕು. ಎರಡನೇ ಚಳಿಗಾಲಕ್ಕೆ ಬಲಗೈ ಬ್ಯಾಟರಿ ಎಡಗೈಗಿಂತ ಮೊದಲೇ ಖಾಲಿಯಾಗತೊಡಗಿತು. ಒಂದು ಕೈ ಬೆಚ್ಚಗಿದ್ದು ಇನ್ನೊಂದು ತಣ್ಣಗಾಗುವುದು ಎರಡೂ ತಣ್ಣಗಿರುವುದಕ್ಕಿಂತ ಕಿರಿಕಿರಿ.

ಕೊನೆಗೆ 12 ವೋಲ್ಟ್ ಜಾಕೆಟ್. ನಿಮ್ಮ ಮಾಮೂಲಿ ರೈಡಿಂಗ್ ಜಾಕೆಟ್ ಒಳಗೆ ಹಾಕುವ ತೆಳು ಪದರ, ಬೈಕಿನ ಬ್ಯಾಟರಿಗೆ ವೈರ್. ನನ್ನದು ಪೂರ್ತಿ ಬಿಸಿಯಲ್ಲಿ 7 ಆಂಪಿಯರ್ ಎಳೆಯುತ್ತದೆ, ಸುಮಾರು 84 ವ್ಯಾಟ್. ಯುಎಸ್‌ಬಿ ವೆಸ್ಟಿನ ಎಂಟು ಪಟ್ಟಿಗೂ ಜಾಸ್ತಿ.

ಇದನ್ನು ಹಾಕಿ ಹೊರಟ ಮೊದಲ ದಿನ ಕೈಗೆ ಹಳೆಯ ಚರ್ಮದ ಗ್ಲೌಸ್ ಮಾತ್ರ ಇತ್ತು. ಚೇರಂಬಾಣೆ ಬಂತು, ಬೆಟ್ಟಗೇರಿ ಬಂತು, ಬೆರಳು ಇನ್ನೂ ಬೆಚ್ಚಗೇ ಇತ್ತು. ಕೈಗೆ ಒಂದು ವ್ಯಾಟ್ ಬಿಸಿಯೂ ಹೋಗಿರಲಿಲ್ಲ! ಕಾರಣ ಆಮೇಲೆ ಹೊಳೆಯಿತು. ಎದೆ, ಹೊಟ್ಟೆ ತಣ್ಣಗಾದರೆ ಮೈ ಒಳಗಿನ ಅಂಗಗಳನ್ನು ಕಾಪಾಡಲು ಕೈಕಾಲಿನ ರಕ್ತನಾಳ ಬಿಗಿಮಾಡುತ್ತದೆ. ಬಿಸಿ ರಕ್ತ ಬೆರಳಿಗೆ ಬರುವುದೇ ಕಡಿಮೆಯಾಗುತ್ತದೆ. ಎದೆ ಬೆಚ್ಚಗಿದ್ದರೆ ಆ ಬಿಗಿ ಇರುವುದಿಲ್ಲ. ಎರಡು ವರ್ಷ ನಾನು ಬೆರಳಿಗೆ ಔಷಧಿ ಹುಡುಕುತ್ತಿದ್ದೆ, ಚಳಿ ಶುರುವಾಗುತ್ತಿದ್ದದ್ದು ಎದೆಯಲ್ಲಿ.

ಆದರೆ ಇದಕ್ಕೆ ಬೈಕ್ ತಾಳಬೇಕು. ಪೂರ್ತಿ ಬಿಸಿಯಲ್ಲಿ ಒಂದು ವಾರ ಓಡಿಸಿದೆ. ಘಟ್ಟದ ತಿರುವಿನಲ್ಲಿ ಎಂಜಿನ್ ಸುತ್ತು ಕಡಿಮೆ, ಮಡಿಕೇರಿ ಪೇಟೆಯಲ್ಲಿ ನಿಂತು ನಿಂತು ಹೋಗುವುದು. ಆ ಹೊತ್ತಿನಲ್ಲಿ ಎಂಜಿನ್ ತಿರುಗುವಾಗ ಕರೆಂಟ್ ಹುಟ್ಟಿಸುವ ಆಲ್ಟರ್ನೇಟರ್ ಕೊಡುವುದಕ್ಕಿಂತ ಜಾಕೆಟ್ ತಿನ್ನುವುದೇ ಜಾಸ್ತಿ. 2017ರ ಏಪ್ರಿಲ್ ನಂತರದ ಗಾಡಿಗಳಲ್ಲಿ ಹೆಡ್‌ಲೈಟ್ ಆರಿಸಲೂ ಬರುವುದಿಲ್ಲವಲ್ಲ. ಶನಿವಾರ ಬೆಳಿಗ್ಗೆ ಸೆಲ್ಫ್ ಒತ್ತಿದರೆ ಟಕ್ ಟಕ್ ಅಂತಷ್ಟೇ ಅಂದಿತು. ಗ್ಯಾರೇಜಿನವರು ಬ್ಯಾಟರಿ ನೋಡಿ, "ಅಣ್ಣ, ಇದು ಹಾಳಾಗಿಲ್ಲ, ನೀವು ಹೊಟ್ಟೆಗೆ ಹಾಕಿಲ್ಲ ಅಷ್ಟೆ" ಅಂದರು. ಅವರೇ ಒಂದು ಸಣ್ಣ ವೋಲ್ಟ್‌ಮೀಟರ್ ಹಾಕಿಕೊಟ್ಟರು. ಓಡುವಾಗ 13.5ರಿಂದ 14.4 ಇದ್ದರೆ ಚಾರ್ಜ್ ಆಗುತ್ತಿದೆ. 13ಕ್ಕಿಂತ ಕೆಳಗೆ ಇಳಿದರೆ ಬಿಸಿ ತಗ್ಗಿಸುತ್ತೇನೆ. ಈಗ ಬಿಸಿಯ ಮೂರು ಹಂತಗಳಲ್ಲಿ ಮೊದಲನೆಯದರಲ್ಲೇ ಇಡುತ್ತೇನೆ, ಅಷ್ಟೇ ಸಾಕಾಗುತ್ತದೆ. ವೈರಿಗೆ 10 ಆಂಪಿಯರ್ ಫ್ಯೂಸ್ ಹಾಕಿಸಿದ್ದೇನೆ, ಫ್ಯೂಸ್ ಇಲ್ಲದೆ ಬ್ಯಾಟರಿಗೆ ನೇರ ಕೊಡಬೇಡಿ.

ಮೈಗೆ ಹತ್ತಿರದ ವಿಷಯವೂ ಇದೆ. ಬರಿ ಮೈ ಮೇಲೆ ಇದನ್ನು ಹಾಕಬಾರದು, ಒಳಗೊಂದು ತೆಳು ಬನಿಯನ್ ಬೇಕು. 45 ಡಿಗ್ರಿ ಆಸುಪಾಸಿನ ಬಿಸಿಯೂ ಬಹಳ ಹೊತ್ತು ಒಂದೇ ಕಡೆ ತಾಗಿದರೆ ಚರ್ಮ ಸುಡುತ್ತದೆ. ಸಕ್ಕರೆ ಕಾಯಿಲೆಯಿಂದ ಕೈಕಾಲಿನ ಸ್ಪರ್ಶ ಕಡಿಮೆಯಾದವರಿಗೆ ಅದು ತಿಳಿಯುವುದೂ ಇಲ್ಲ. ಅಂಥವರು ಡಾಕ್ಟರನ್ನು ಕೇಳದೆ ಬಿಸಿ ಗ್ಲೌಸ್ ಹಾಕಬಾರದು. ನನ್ನ ಮಾವನವರಿಗೆ ಆಸೆಯಿದ್ದರೂ ನಾನು ಕೊಡದೇ ಇರುವುದು ಇದೇ ಕಾರಣಕ್ಕೆ.

ನನ್ನನ್ನು ಕೇಳಿದರೆ ಜಾಕೆಟ್. ಒಂದೇ ಒಂದು ಕೊಳ್ಳಲು ದುಡ್ಡಿದ್ದರೂ ಜಾಕೆಟ್ಟೇ. ನನ್ನ ಹೆಂಡತಿ ಒಪ್ಪುವುದಿಲ್ಲ. "ನನಗೆ ಎದೆಯಲ್ಲಿ ಚಳಿ ಇಲ್ಲ, ಸ್ಕೂಟರಿನ ಮುಂದಿನ ಶೀಟು ಕಾಲಿಗೂ ಗಾಳಿ ಬಿಡುವುದಿಲ್ಲ. ಬೆರಳೊಂದೇ ನೋಯುವುದು. ನೀವು ನಿಮ್ಮ ಜಾಕೆಟ್ ಇಟ್ಕೊಳ್ಳಿ" ಅನ್ನುತ್ತಾಳೆ. ಅವಳು ಹೇಳುವುದರಲ್ಲೂ ಹುರುಳಿದೆ. ಸ್ಕೂಟರ್ ಓಡುವುದು 40ರ ವೇಗದಲ್ಲಿ, ಗಾಳಿಯ ಹೊಡೆತ ಕಡಿಮೆ. ಅದರ ಸಣ್ಣ ಬ್ಯಾಟರಿಗೆ 84 ವ್ಯಾಟಿನ ಭಾರ ಹಾಕುವ ಧೈರ್ಯ ನನಗಿಲ್ಲ. ಸ್ಕೂಟರಿನವರಿಗೆ ಬ್ಯಾಟರಿ ಗ್ಲೌಸ್ ಅಂತಲೇ ನಾನೂ ಹೇಳುತ್ತೇನೆ. ಅವಳಿಗೆ ಈ ವರ್ಷ ಬಲಗೈಗೆ ಹೊಸ ಬ್ಯಾಟರಿ ತರಿಸಿದ್ದಾಯಿತು.

ದುಡ್ಡು ಹಾಕುವ ಮೊದಲು ಒಂದು ಬೆಳಿಗ್ಗೆ ಹೀಗೆ ಮಾಡಿ ನೋಡಿ: ಮಾಮೂಲಿ ಸ್ವೆಟರ್, ಅದರ ಮೇಲೆ ಮಳೆಗಾಲದ ರೇನ್‌ಕೋಟ್, ಕತ್ತಿಗೆ ಒಂದು ಮಫ್ಲರ್. ಸ್ವೆಟರ್ ಬಿಸಿ ಹಿಡಿಯುತ್ತದೆ, ಗಾಳಿ ತಡೆಯುವುದಿಲ್ಲ. ರೇನ್‌ಕೋಟ್ ಗಾಳಿ ತಡೆಯುತ್ತದೆ. ಕುಶಾಲನಗರದ ಕಡೆ, ಮಡಿಕೇರಿಗಿಂತ ಸಾಕಷ್ಟು ತಗ್ಗಿನಲ್ಲಿ ಓಡಾಡುವವರಿಗೆ ಇಷ್ಟೇ ಸಾಕಾದರೂ ಆಗಬಹುದು. ಗಾಳಿ ನುಗ್ಗುವ ಜಾಕೆಟ್ ಒಳಗೆ ಎಷ್ಟು ವ್ಯಾಟ್ ಉರಿಸಿದರೂ ಸುಮ್ನೆ ದಂಡ.

ಇನ್ನು ಮಳೆಗಾಲ. ಜೂನ್ ಹತ್ತಿರ ಬಂದಾಗ ಇವನ್ನೆಲ್ಲ ಹೇಗೆ ಎತ್ತಿಡುತ್ತೀರಿ ಅನ್ನುವುದು ಕೊಡಗಿನಲ್ಲಿ ದೊಡ್ಡ ವಿಷಯ. ಮೊದಲ ವರ್ಷ ಗ್ಲೌಸ್ ಬೀರುವಿನಲ್ಲಿ ಇಟ್ಟು ಸೆಪ್ಟೆಂಬರಿನಲ್ಲಿ ತೆಗೆದರೆ ಬೆರಳ ತುಂಬಾ ಬೂಷ್ಟು. ಈಗ ಬ್ಯಾಟರಿ ಬಿಚ್ಚಿ, ಅರ್ಧ ಚಾರ್ಜ್‌ನಲ್ಲಿ ಡಬ್ಬಕ್ಕೆ ಹಾಕಿ ಬೇರೆ ಇಡುತ್ತೇವೆ. ಜಾಕೆಟ್ ಮಡಚುವುದಿಲ್ಲ, ಮಡಚಿದ ಕಡೆ ಒಳಗಿನ ತಂತಿ ತುಂಡಾಗಬಹುದು. ಅಡುಗೆಮನೆ ಪಕ್ಕದ ಕೋಣೆಯಲ್ಲಿ, ಒಲೆಯ ಕಾವು ಗೋಡೆಗೆ ಬರುವ ಕಡೆ, ಹ್ಯಾಂಗರಿನಲ್ಲಿ ನೇತು ಹಾಕುತ್ತೇವೆ. ನಮ್ಮ ಸುಗ್ಗಿ ಹಬ್ಬ ಹುತ್ತರಿ ಹತ್ತಿರ ಬಂದಾಗ ಅಲ್ಲಿಂದ ಇಳಿಸಿ, ಮೊದಲು ಅಂಗಳದ ಬಿಸಿಲಿಗೆ ಒಂದು ದಿನ.