ಅಡಿಕೆ ಅಂಗಳ ಲೆವೆಲ್ ಮಾಡ್ಲಿಕ್ಕೆ ಮಿನಿ ಟ್ರ್ಯಾಕ್ಟರ್: ಕೆಲವು ಮಳೆಗಾಲ ಕಳೆದ ಮೇಲೆ

ನಮ್ದು ಕಾಸರಗೋಡಿನ ಬದಿಯಡ್ಕ ಕಡೆ, ಗುಡ್ಡೆ ಬದಿಯ ಜಾಗ. ಇದ್ದ ಅಂಗಳ ಅಡಿಕೆಗೆ ಸಾಲ್ತಾ ಇರ್ಲಿಲ್ಲ, ಚಾಲಿ (ಸಿಪ್ಪೆ ಸಮೇತ ಒಣಗಿಸಿ ಸುಲಿದ ಅಡಿಕೆ) ಆಗ್ಲಿಕ್ಕೆ 40-45 ದಿನ ಬಿಸಿಲು ಬೇಕು, ಒಂದು ಕೊಯ್ಲು ಒಣಗುವ ಮೊದಲೇ ಇನ್ನೊಂದು ಬಂದು ಬೀಳ್ತದೆ. ಹಾಗೆ ಅಂಗಳ ದೊಡ್ಡದು ಮಾಡ್ಲಿಕ್ಕೆ ಅಂತ ತಗೊಂಡದ್ದು ಮಹೀಂದ್ರ ಜೀವೊ 245, 24 ಎಚ್‌ಪಿ, ಫೋರ್ ವೀಲ್ ಡ್ರೈವ್. ಜೊತೆಗೆ ಮಣ್ಣು ಕೊಚ್ಚಿ ಸಡಿಲ ಮಾಡುವ ನಾಲ್ಕಡಿಯ ರೋಟವೇಟರ್, ಮಣ್ಣು ಎಳೆದು ಸಮ ಮಾಡ್ಲಿಕ್ಕೆ ಹಿಂದೆ ಸಿಕ್ಕಿಸುವ ಲೆವೆಲರ್ ಬ್ಲೇಡ್.

ಮೊದಲು ಒಂದು ವಿಷಯ ಗೊತ್ತಿರ್ಲಿ, ಬರೆ (ಗುಡ್ಡೆಯ ಕಡಿದಾದ ಮಣ್ಣಿನ ಬದಿ) ಕಡಿಯುವ ಕೆಲಸ ಇದರದ್ದಲ್ಲ, ಅದಕ್ಕೆ ಜೆಸಿಬಿಯೇ ಬೇಕು. ಹೈಡ್ರಾಲಿಕ್ 750 ಕೆಜಿ ಎತ್ತುತ್ತದೆ ಸರಿ, ಆದ್ರೆ ಎತ್ತುದು ಮಾತ್ರ, ಕೆಳಗೆ ಒತ್ತುದಿಲ್ಲ. ಬ್ಲೇಡ್ ಅದರ ಭಾರದಲ್ಲೇ ನೆಲಕ್ಕೆ ಕೂರ್ಬೇಕು, ಒಣಗಿದ ಮುರಮಣ್ಣಿನ ಮೇಲೆ ಬರೀ ಜಾರ್ತಾ ಹೋಗ್ತದೆ. ರೋಟವೇಟರ್ ಹಾಕಿ ಸಡಿಲ ಮಾಡಿದ್ರೆ ಅದೇ ಬ್ಲೇಡ್ ಎಷ್ಟು ಚಂದ ಎಳೀತದೆ ಗೊತ್ತುಂಟಾ! ಅದಕ್ಕೂ ಮಣ್ಣಿನ ಹದ ಬೇಕು. ಮುಷ್ಟಿಯಲ್ಲಿ ಹಿಡಿದ್ರೆ ಉಂಡೆ ಆಗ್ಬೇಕು, ಬೆರಳು ತಾಗಿಸಿದ್ರೆ ಒಡೀಬೇಕು, ನಮ್ಮಲ್ಲಿ ತುಲಾ ಮಳೆ (ಅಕ್ಟೋಬರ್-ನವೆಂಬರಿನ ಹಿಂಗಾರು) ನಿಂತ ಮೇಲೆ ಸ್ವಲ್ಪ ದಿನ ಆ ಹದ ಸಿಗ್ತದೆ. ಕೆಸರಾಗಿದ್ರೆ ಇಳಿಸ್ಲೇಬೇಡಿ, ಚಕ್ರದ ಗುಂಡಿ ತುಂಬಿಸುದೇ ಇನ್ನೊಂದು ಕೆಲಸ ಆಗ್ತದೆ.

ಗಾಡಿ ಸಣ್ಣದಾದ ಕಾರಣ ಎದುರಿನ ಚಕ್ರ ಗುಂಡಿಗೆ ಇಳಿದ್ರೆ ಹಿಂದಿನ ಬ್ಲೇಡ್ ಮೇಲೆ ಬರ್ತದೆ, ಒಂದೇ ದಿಕ್ಕಿಗೆ ಓಡಿಸ್ತಾ ಇದ್ರೆ ನೆಲ ಅಲೆ ಅಲೆಯಾಗಿ ಕೂರ್ತದೆ. ಉದ್ದಕ್ಕೆ ಒಮ್ಮೆ, ಅಡ್ಡಕ್ಕೆ ಒಮ್ಮೆ, ಮತ್ತೆ ಮೂಲೆಯಿಂದ ಮೂಲೆಗೆ ಎಳೀಬೇಕು, ಲೋ ಗೇರಲ್ಲೇ. ಪೂರ್ತಿ ಸಪಾಟ ಮಾಡುದೂ ಬೇಡ, ಮಳೆಗಾಲ ನೆನಪಿರ್ಲಿ, ಹತ್ತು ಮೀಟರಿಗೆ ಹತ್ತು ಸೆಂಟಿಮೀಟರ್ ಇಳಿಜಾರು ಕೊಡಿ. ಮೇಸ್ತ್ರಿಗಳು ಮಟ್ಟ ನೋಡುವ ನೀರಿನ ಟ್ಯೂಬ್ ಹಿಡಿದು ಗೂಟಕ್ಕೆ ದಾರ ಕಟ್ಟಿಕೊಂಡು, ಬ್ಲೇಡ್ ಎತ್ತುವ ಹಿಂದಿನ ಬಲಬದಿಯ ಲಿಫ್ಟ್ ರಾಡ್ ತಿರುಗಿಸಿ ಬ್ಲೇಡನ್ನು ಅಷ್ಟಕ್ಕೇ ಓರೆ ಮಾಡಿ ಇಡ್ಲಿಕ್ಕೆ ಆಗ್ತದೆ, ನನಗೆ ಈ ಗಾಡಿಯಲ್ಲಿ ತುಂಬ ಖುಷಿ ಕೊಟ್ಟ ಸಂಗತಿ ಇದು. ಮಣ್ಣು ತುಂಬಿದ ಕಡೆ ಅರ್ಧ ಅಡಿಯ ಪದರ ಹಾಕಿ, ನೀರು ಚಿಮುಕಿಸಿ, ರೋಲರ್ ಎಳೆದೇ ಮುಂದಿನ ಪದರ ಹಾಕಿ. ಅಷ್ಟು ಮಾಡಿದ್ರೂ ಮೊದಲ ಮಳೆಗಾಲಕ್ಕೆ ಸ್ವಲ್ಪ ಕುಗ್ಗುತ್ತದೆ, ನಮ್ಮದೂ ಕುಗ್ಗಿತು, ಮತ್ತೊಮ್ಮೆ ಎಳೆದ ಮೇಲೆ ಇಲ್ಲಿಯವರೆಗೆ ನೀರು ನಿಂತಿಲ್ಲ.

ಬರೆಯ ಅಂಚಿಗೆ ಮಾತ್ರ ಹೋಗ್ಬೇಡಿ ಮಾರಾಯ್ರೆ, ಹೊಸ ಮಣ್ಣು ಕುಸಿದ್ರೆ ಗಾಡಿ ಮಗುಚಿ ಬೀಳ್ತದೆ. ಅಂಚಿನ ಒಂದೂವರೆ ಮೀಟರ್ ಹಾರೆಯಲ್ಲೇ ಮಾಡಿಸಿ.

ಅಂಗಳ ಒಂದಕ್ಕೇ ಅಂತಾದ್ರೆ ತಗೊಳ್ಳುದು ಬೇಡ, ಬಾಡಿಗೆಗೆ ಕರೆಸಿದ್ರೆ ಸಾಕು. ನಮ್ಮಲ್ಲಿ ಒಂಬತ್ತು ಅಡಿ ಅಂತರದ ತೋಟದೊಳಗೂ ಹೋಗ್ತದೆ, ಗೊಬ್ಬರ, ಸೋಗೆ, ಅಡಿಕೆಗೊನೆ ಎಲ್ಲ ಇದರಲ್ಲೇ ಸಾಗಿಸುದು, ಹಾಗಾಗಿ ಹಾಕಿದ ದುಡ್ಡಿಗೆ ಬೇಜಾರಿಲ್ಲ. ತಗೊಳ್ಳುವವರು ಮೊದಲು ಕೃಷಿಭವನದಲ್ಲಿ ಎಸ್ಎಂಎಎಂ (ಕೃಷಿ ಯಂತ್ರಗಳಿಗೆ ಕೇಂದ್ರ ಸರ್ಕಾರದ ಯೋಜನೆ) ಸಬ್ಸಿಡಿ ವಿಚಾರಿಸಿ, ಸಣ್ಣ ರೈತರಿಗೂ ಹೆಂಗಸರಿಗೂ ಶೇಕಡಾ 50ರವರೆಗೆ ಉಂಟು, ಅರ್ಜಿ ಪಾಸಾದ ಮೇಲೆಯೇ ಗಾಡಿ ಬುಕ್ ಮಾಡಿ.