ನೆಟ್ಟಗೆ ಕೂರುವ ಸೈಕಲ್: ಹ್ಯಾಂಡಲ್, ಸೀಟು, ಬೀಗ

ಕಾತ್ರಜ್ ಘಾಟು ಹತ್ತಿ, ಸಾತಾರಾ, ಕೊಲ್ಹಾಪುರ ದಾಟಿ ಬೆಳಗಾವಿವರೆಗೆ ಸುಮಾರು 340 ಕಿ.ಮೀ. ತುಳಿಯಬೇಕೆಂಬ ಆಸೆ ಪುಣೆಯ ಕನ್ನಡಿಗರಲ್ಲಿ ಕೆಲವರಿಗಾದರೂ ಇರುತ್ತದೆ. ಅದಕ್ಕೆ ಹೊಸ ಟೂರಿಂಗ್ ಸೈಕಲ್ಲೇ ಬೇಕೆಂದಿಲ್ಲ. ಮನೆಯಲ್ಲಿರುವ ಹೈಬ್ರಿಡ್ ಸೈಕಲ್ಲಿಗೆ ಸವಾರನ ಕಡೆಗೆ ಬಾಗಿದ ನಾರ್ತ್ ರೋಡ್ ಹ್ಯಾಂಡಲ್, ಬ್ರೂಕ್ಸ್ ಕಂಪನಿಯ ಬಿ67 ಚರ್ಮದ ಸೀಟು ಹಾಕಿಸಿದರೆ ಸಾಕು. ಈ ಜೋಡಿಗೆ ಐದಕ್ಕೆ ನಾಲ್ಕು ಅಂಕ. ಉಳಿದ ಒಂದು ಕಳ್ಳನ ಪಾಲು.

ಹ್ಯಾಂಡಲ್ ಕೊಳ್ಳುವ ಮೊದಲು ಸ್ಟೆಮ್ಮಿನ, ಅಂದರೆ ಹ್ಯಾಂಡಲನ್ನು ಸೈಕಲ್ಲಿಗೆ ಹಿಡಿದಿಡುವ ತುಂಡಿನ, ಬಾಯಿ ಅಳೆಯಿರಿ. ನಾರ್ತ್ ರೋಡ್ ನಡುಭಾಗದಲ್ಲಿ ಸಾಮಾನ್ಯವಾಗಿ 25.4 ಮಿ.ಮೀ., ಈಗಿನ ಸ್ಟೆಮ್ಮುಗಳು ಬಹುಪಾಲು 31.8. ನಡುವಿನ ಸಂದು ತುಂಬಲು ಅಲ್ಯೂಮಿನಿಯಂ ಬಳೆ (ಶಿಮ್) ಬೇಕೇ ಬೇಕು. ತಗಡು ಸುತ್ತಿ ಬಿಗಿದು ಕೊಟ್ಟರೆ ರಸ್ತೆಯ ಮೊದಲ ಗುಂಡಿಯಲ್ಲೇ ಹ್ಯಾಂಡಲ್ ಕೆಳಗೆ ತಿರುಗೀತು. ಹಿಡಿಕೆಯ ಜಾಗ 22.2 ಇರುವುದರಿಂದ ಹಳೆಯ ಬ್ರೇಕ್ ಲಿವರ್, ಗೇರ್ ಶಿಫ್ಟರ್ ಹಾಗೇ ಕೂರುತ್ತವೆ. ಸಾಲದಿರುವುದು ಕೇಬಲ್. ಮುಂದಿನ ಗಾಲಿ ಎತ್ತಿ ಹ್ಯಾಂಡಲನ್ನು ಎರಡೂ ಬದಿಗೆ ಪೂರ್ತಿ ತಿರುಗಿಸಿ ನೋಡಿ. ಕೇಬಲ್ ಎಳೆದುಕೊಂಡರೆ, ಬ್ರೇಕ್ ತಾನಾಗಿ ಹಿಡಿದರೆ, ಒಳತಂತಿ, ಹೊರಕವಚ ಎರಡನ್ನೂ ಉದ್ದದ್ದು ಹಾಕಿಸಿ. ಸ್ಟೆಮ್ ಬಿಗಿಯುವಾಗ ಮೊದಲು ಮೇಲಿನ ಟೋಪಿಯ ಬೋಲ್ಟ್, ಅದೂ ಲೊಡಲೊಡ ಅಲುಗಾಟ ನಿಲ್ಲುವಷ್ಟು ಮಾತ್ರ. ಪಕ್ಕದ ಬೋಲ್ಟುಗಳು ಆಮೇಲೆ. ಕ್ರಮ ತಪ್ಪಿದರೆ ಘಾಟು ಇಳಿಯುವಾಗ ಬ್ರೇಕ್ ಹಿಡಿದಾಗಲೆಲ್ಲ ಕಟಕಟ.

ನೆಟ್ಟಗೆ ಕೂತರೆ ಮೈಭಾರವೆಲ್ಲ ಸೀಟಿಗೆ. ಅದಕ್ಕೇ ಅಗಲವಾದ, ಸ್ಪ್ರಿಂಗ್ ಇರುವ ಬಿ67. ಬಿ66 ಅಗ್ಗಕ್ಕೆ ಸಿಕ್ಕಿತೆಂದು ತರಬೇಡಿ, ಅದರ ಕ್ಲ್ಯಾಂಪ್ ಹಳೆಯ ಕಾಲದ ನೇರ ಕೊಳವೆಗೆ ಮಾಡಿದ್ದು. ಹೊಸ ಚರ್ಮ ಹಲಗೆಯಷ್ಟು ಗಟ್ಟಿ, ಪಳಗಲು ಬಿಡಿ. ಸೀಟಿನ ಮೂತಿ ಕೂದಲೆಳೆಯಷ್ಟು ಮೇಲಿರಲಿ. ಕೆಳಗಿದ್ದರೆ ಮುಂದಕ್ಕೆ ಜಾರುತ್ತೀರಿ, ಅಂಗೈ ಜೋಮು ಹಿಡಿಯುತ್ತದೆ. ಮಳೆಗಾಲದಲ್ಲಿ ಕವರ್ ಇಲ್ಲದೆ ನಿಲ್ಲಿಸಬೇಡಿ. ನೆಂದ ಚರ್ಮದ ಮೇಲೆ ಕೂತರೆ ಅದು ಜೋಳಿಗೆಯಂತೆ ಜೋಲುತ್ತದೆ, ಮತ್ತೆ ಸರಿಹೋಗುವುದಿಲ್ಲ. ಒಂದು ಮಾತು: ನೆಟ್ಟಗಿನ ಎದೆ ಗಾಳಿಗೆ ಹಾಯಿ ಇದ್ದಂತೆ. ಎದುರುಗಾಳಿಯಲ್ಲಿ ಈ ಸೈಕಲ್ಲಿನಿಂದ ವೇಗ ಕೇಳಬೇಡಿ.

ಇಷ್ಟು ಒಳ್ಳೆಯ ಸೀಟನ್ನು ಕೈಯಿಂದಲೇ ಬಿಚ್ಚಬಹುದಾದ ಕ್ವಿಕ್ ರಿಲೀಸ್ ಹಿಡಿಯ ಮೇಲೆ ಬಿಡುವುದು ಪರ್ಸನ್ನು ಕಟ್ಟೆಯ ಮೇಲೆ ಇಟ್ಟ ಹಾಗೆ. ಸೀಟಿಗೂ ಗಾಲಿಗೂ ಎಲೆನ್ ಕೀಲಿ (ಆರು ಮೂಲೆಯ ಸರಳು) ಬೇಕಾಗುವ ಬೋಲ್ಟ್ ಹಾಕಿಸಿ. ಬೋಲ್ಟಿನ ತಲೆಯ 5 ಮಿ.ಮೀ. ಎಲೆನ್ ಗುಳಿಯೊಳಗೆ 3/16 ಇಂಚಿನ ಬೇರಿಂಗ್ ಗುಂಡು ಇಳಿಸಿ, ಮೇಲೆ ಮೇಣದಬತ್ತಿಯ ಮೇಣ ತೊಟ್ಟಿಕ್ಕಿಸಿದರೆ ಕೀಲಿ ಒಳಗೆ ಹೋಗದು. ಬೇಕಾದಾಗ ಪಿನ್ನಿನಿಂದ ಕೆದಕಿ ತೆಗೆಯಬಹುದು. ಫೆವಿಕ್ವಿಕ್ ಹಾಕಿದರೆ ನಿಮಗೂ ಬರದು. ಇನ್ನೂ ಅಗ್ಗದ ಉಪಾಯ: ಸವೆದ ಸೈಕಲ್ ಚೈನಿನ ತುಂಡನ್ನು ಹಳೆಯ ಟ್ಯೂಬಿನೊಳಗೆ ತೂರಿಸಿ, ಸೀಟಿನ ಕಂಬಿಗೂ ಫ್ರೇಮಿಗೂ ಸುತ್ತಿ, ಚೈನಿನ ಪಿನ್ ಹೊಡೆದುಬಿಡುವುದು.

ತೆಳು ಕೇಬಲ್ ಬೀಗ ಸಣ್ಣ ಕಟರಿಗೇ ತುಂಡಾಗುತ್ತದೆ, ಅದನ್ನು ಮುಂದಿನ ಗಾಲಿಗೆ ಮಾತ್ರ ಬಳಸಿ. ಮುಖ್ಯ ಬೀಗ ಗಿಡ್ಡ ಯು-ಲಾಕ್, ಅಂದರೆ ಯು ಆಕಾರದ ಗಟ್ಟಿ ಸರಳಿನ ಬೀಗ. ಅದು ಫ್ರೇಮಿನ ಹಿಂದಿನ ತ್ರಿಕೋನದೊಳಗೆ ಹಿಂದಿನ ಗಾಲಿಯ ರಿಮ್ಮನ್ನೂ ಕಂಬವನ್ನೂ ಸೇರಿಸಿ ಹಿಡಿಯಲಿ, ಒಳಗೆ ಸರಳು ತೂರಿಸಿ ಮೀಟಲು ಜಾಗ ಉಳಿಯದಿರಲಿ. ಕೀಲಿತೂತು ಕೆಳಮುಖವಾಗಿದ್ದರೆ ಮಳೆನೀರು ನಿಲ್ಲದು. ಬೋರ್ಡಿನ ಗಿಡ್ಡ ಕಂಬ ಬೇಡ, ಸೈಕಲ್ಲನ್ನು ಮೇಲಕ್ಕೆತ್ತಿದರೆ ಬೀಗ ಸಮೇತ ಹೊರಬರುತ್ತದೆ. ಸೊಸೈಟಿಯಲ್ಲಿ ವಾಚ್‌ಮನ್ ಇದ್ದಾರೆಂದು ಮುಂದಿನ ಗಾಲಿಗಷ್ಟೇ ಬೀಗ ಹಾಕಿ ಮೇಲೆ ಹೋದರೆ, ಬೆಳಿಗ್ಗೆ ಗಾಲಿಯೊಂದೇ ಉಳಿದಿರಬಹುದು.

ಕೇಬಲ್ ಬದಲಿಸಲು ಸೈಕಲ್ ಮಗುಚಿದಾಗಲೇ ಪೆಡಲ್ ನಡುವಿನ ಕೊಳವೆಯ ಅಡಿಯಲ್ಲಿ ಫ್ರೇಮ್ ನಂಬರ್ ಕೆತ್ತಿದೆಯೇ ನೋಡಿ, ಫೋಟೋ ತೆಗೆದು ಬಿಲ್ಲಿನ ಜೊತೆ ಇಡಿ.